ಅತ್ತೆ, ಸೊಸೆ ಮತ್ತು ಒಂದು ಬಟಾಣಿ ಕಾಳು



‘ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ’ ಎಂಬ ಗಾದೆ ಕನ್ನಡದ ಮನೆಮನೆಗೂ ಗೊತ್ತು. ಈ ಗಾದೆಯನ್ನು ಕೇಳಿಯೇ ಇರದ ಅಮೆರಿಕದಲ್ಲಿ ಅದನ್ನು ಅಕ್ಷರಶಃ ನಿಜ ಮಾಡಿದವರು ಹಾಸ್ಯನಟಿ ಕ್ಯಾರಲ್ ಬರ್ನೆಟ್. 1964ರಲ್ಲಿ ಮತ್ತು 1972ರಲ್ಲಿ ಟೆಲಿವಿಷನ್ನಿನ ಒಂದು ಸಂಗೀತ ನಾಟಕದಲ್ಲಿ ಅವರು ಸೊಸೆಯಾಗಿ ಬಂದರು. 2005ರಲ್ಲಿ ಅದೇ ನಾಟಕ ಮತ್ತೆ ಟೆಲಿವಿಷನ್ನಿಗೆ ಬಂದಾಗ ಸೊಸೆಯ ಪಾತ್ರ ಬೇರೊಬ್ಬರಿಗೆ ಹೋಗಿತ್ತು. ಬರ್ನೆಟ್ ಅತ್ತೆಯ ಸಿಂಹಾಸನದಲ್ಲಿ ಕುಳಿತಿದ್ದರು. ಆಗ ಅವರಿಗೆ 72 ವರ್ಷ.

ನಾಟಕದ ಹೆಸರು ‘ಒನ್ಸ್ ಅಪಾನ್ ಎ ಮ್ಯಾಟ್ರೆಸ್’. ‘ಒಂದಾನೊಂದು ಕಾಲದಲ್ಲಿ’ ಎಂದು ಅಜ್ಜಿಕಥೆ ಶುರುವಾಗುತ್ತದಲ್ಲ, ಆ ಮಾತಿನ ಇಂಗ್ಲಿಷ್ ರೂಪದಿಂದ ‘ಕಾಲ’ವನ್ನು ತೆಗೆದು ‘ಹಾಸಿಗೆ’ಯನ್ನು ಸೇರಿಸಿದ ತಮಾಷೆಯ ಹೆಸರು ಅದು. ಕಥೆ ನಡೆಯುವುದು 1428ರಲ್ಲಿ, ಒಂದು ಕಾಲ್ಪನಿಕ ರಾಜ್ಯದಲ್ಲಿ. ಅರಮನೆ, ಕಂದಕ, ಮಾಂತ್ರಿಕ, ವಿದೂಷಕ, ಶಾಪ ಎಲ್ಲವೂ ಇಲ್ಲಿವೆ. ಆದರೆ ಕಿರೀಟಗಳನ್ನು ಪಕ್ಕಕ್ಕಿಟ್ಟು ನೋಡಿದರೆ ಉಳಿಯುವುದು ಒಂದು ಸಾಮಾನ್ಯ ಸಂಸಾರ: ಮಗನನ್ನು ಬಿಟ್ಟುಕೊಡಲು ಒಲ್ಲದ ತಾಯಿ, ಬಾಯಿಲ್ಲದ ತಂದೆ, ವಯಸ್ಸಿಗೆ ಬಂದರೂ ಅಮ್ಮನ ಸೆರಗು ಬಿಡದ ಮಗ, ಹೊಸ್ತಿಲಾಚೆ ನಿಂತ ಸೊಸೆ.

ಮೂಲ ಕಥೆ ಡೆನ್ಮಾರ್ಕಿನ ಹ್ಯಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ ಅವರದು. 1835ರಲ್ಲಿ ಕೋಪನ್‌ಹೇಗನ್ನಿನಲ್ಲಿ ಅಚ್ಚಾದ ಈ ಪುಟ್ಟ ಕಥೆಯನ್ನು ಶಾಲೆಯ ಪುಸ್ತಕದಲ್ಲೋ ಮಕ್ಕಳ ಪತ್ರಿಕೆಯಲ್ಲೋ ಓದಿದವರು ಅನೇಕರಿರಬಹುದು. ಬಿರುಗಾಳಿಯ ರಾತ್ರಿ ತೊಯ್ದು ತೊಪ್ಪೆಯಾದ ಹುಡುಗಿಯೊಬ್ಬಳು ಅರಮನೆಯ ಬಾಗಿಲಿಗೆ ಬಂದು, ತಾನು ನಿಜವಾದ ರಾಜಕುಮಾರಿ ಎನ್ನುತ್ತಾಳೆ. ಮುದಿ ರಾಣಿ ಮರುಮಾತಾಡದೆ ಮಂಚದ ಮೇಲೆ ಒಂದು ಬಟಾಣಿ ಕಾಳು ಇಟ್ಟು, ಅದರ ಮೇಲೆ ಇಪ್ಪತ್ತು ಹಾಸಿಗೆ, ಇನ್ನೂ ಮೇಲೆ ಇಪ್ಪತ್ತು ಗರಿಯ ಮೆತ್ತೆ ಹಾಕಿಸುತ್ತಾಳೆ. ಬೆಳಗಾದಾಗ ಹುಡುಗಿ ಮೈಯೆಲ್ಲ ಕಂದಿದೆ ಎಂದು ನರಳುತ್ತಾಳೆ. ಇಷ್ಟು ನಾಜೂಕು ರಾಜರಕ್ತಕ್ಕಲ್ಲದೆ ಇನ್ನಾರಿಗೆ ಸಾಧ್ಯ ಎಂದು ಮದುವೆಯಾಗುತ್ತದೆ. ಬರೆದ ಆಂಡರ್ಸನ್ ಚಮ್ಮಾರಿಕೆ ಮಾಡುತ್ತಿದ್ದವನ ಮಗ. ತಾಯಿ ಊರವರ ಬಟ್ಟೆ ಒಗೆಯುತ್ತಿದ್ದವಳು. ರಾಜರಕ್ತವನ್ನು ಬಟಾಣಿ ಕಾಳಿನಿಂದ ಅಳೆಯುವ ಈ ಕಥೆಯಲ್ಲಿ ಒಂದು ಸಣ್ಣ ನಗೆ ಅಡಗಿದೆ ಎನ್ನಲು ಅದೇ ಸಾಕು.

ನಾಟಕಕಾರರು ಮಾಡಿದ ಮುಖ್ಯ ಬದಲಾವಣೆ ಒಂದೇ. ಮೂಲ ಕಥೆಯ ರಾಣಿ ಸೊಸೆಯನ್ನು ಹುಡುಕಲು ಪರೀಕ್ಷೆ ಇಡುತ್ತಾಳೆ. ನಾಟಕದ ರಾಣಿ ಪರೀಕ್ಷೆ ಇಡುವುದು ಸೊಸೆ ಬಾರದಂತೆ ತಡೆಯಲು. ಹನ್ನೆರಡು ರಾಜಕುಮಾರಿಯರು ಆಗಲೇ ಸೋತು ಹೋಗಿದ್ದಾರೆ. ಮಗನ ಹೆಸರು ಡಾಂಟ್‌ಲೆಸ್, ಅಂದರೆ ಅಂಜದವನು. ಅವನು ಅಂಜುವುದು ತಾಯಿಯೊಬ್ಬಳಿಗೇ. ತಾಯಿ ರಾಣಿ ಅಗ್ರವೇನ್. ಆ ಹೆಸರಿನಲ್ಲೇ ಕೆಣಕುವ, ಕಾಡುವ ಧ್ವನಿಯಿದೆ. ರಾಜಕುಮಾರನ ಮದುವೆಯಾಗುವ ತನಕ ರಾಜ್ಯದಲ್ಲಿ ಯಾರೂ ಮದುವೆಯಾಗಕೂಡದು ಎಂಬುದು ಕಾನೂನು. ಅಕ್ಕನದಾಗದೆ ತಂಗಿಯದಿಲ್ಲ, ಅಣ್ಣನದಾಗದೆ ತಮ್ಮನದಿಲ್ಲ ಎಂದು ವರ್ಷಗಟ್ಟಲೆ ಕಾಯಿಸುವ ಮನೆಗಳನ್ನು ಕಂಡವರಿಗೆ ಈ ಕಾನೂನು ಅಷ್ಟೇನೂ ವಿಚಿತ್ರವೆನಿಸದು. ಇದರಿಂದ ಹೆಚ್ಚು ಸಂಕಟಕ್ಕೆ ಸಿಕ್ಕವಳು ಅರಮನೆಯ ಲೇಡಿ ಲಾರ್ಕೆನ್. ಅವಳು ಗರ್ಭಿಣಿ. ಮದುವೆ ಬೇಗ ಆಗಬೇಕು. ಆದ್ದರಿಂದ ಅವಳ ಪ್ರಿಯಕರ ಸರ್ ಹ್ಯಾರಿ ರಾಜಕುಮಾರನಿಗೆ ಹೆಣ್ಣು ಹುಡುಕಲು ತಾನೇ ಹೊರಡುತ್ತಾನೆ.

ಅವನು ಕರೆತರುವ ವಿನಿಫ್ರೆಡ್ ಜೌಗು ನಾಡಿನವಳು. ಸೇತುವೆಗೆ ಕಾಯದೆ ಅರಮನೆಯ ಕಂದಕವನ್ನು ಈಜಿಯೇ ಒಳಗೆ ಬರುತ್ತಾಳೆ. ತಾನು ಬಹಳ ನಾಚಿಕೆಯ ಹುಡುಗಿ ಎಂಬುದನ್ನು ಅರಮನೆಯ ಗೋಡೆ ಅದುರುವಂತೆ ಕೂಗಿ ಹಾಡುತ್ತಾಳೆ. ಮಗನಿಗೆ ಹುಡುಗಿ ಒಪ್ಪಿಗೆ, ತಾಯಿಗೆ ಅಲ್ಲ.

ಈ ಮನೆಯ ನಿಜವಾದ ಕಾಯಿಲೆ ಎಲ್ಲಿದೆ? ತಂದೆ ಸೆಕ್ಸ್‌ಟಿಮಸ್ ಮಹಾರಾಜನಿಗೆ ಶಾಪವಿದೆ. ಇಲಿ ಗಿಡುಗವನ್ನು ನುಂಗುವ ತನಕ ಅವನಿಗೆ ಮಾತಿಲ್ಲ. ತಂದೆಯ ಮಾತಿನ ಪಾಲನ್ನೂ ತಾಯಿಯೇ ಆಡುತ್ತಾಳೆ. ಮಗನಿಗೆ ಸಂಸಾರದ ಗುಟ್ಟನ್ನು ಹೇಳಿಕೊಡಬೇಕಾಗಿ ಬಂದಾಗ ತಂದೆ ಎಲ್ಲವನ್ನೂ ಕೈಸನ್ನೆ, ಮೈಸನ್ನೆಯಲ್ಲೇ ವಿವರಿಸುತ್ತಾನೆ. ಪ್ರೇಕ್ಷಕರು ಹೊಟ್ಟೆ ಹಿಡಿದುಕೊಂಡು ನಗುವ ದೃಶ್ಯವಿದು. ಆದರೆ ಯಾವ ಶಾಪವೂ ಇಲ್ಲದ ಎಷ್ಟೋ ತಂದೆಯರು ಇದೇ ಸಂದರ್ಭದಲ್ಲಿ ಇಷ್ಟನ್ನೂ ಹೇಳಲಾರರು ಎಂಬುದನ್ನು ನೆನೆದರೆ, ನಗು ಸ್ವಲ್ಪ ತಡೆಯುತ್ತದೆ.

ಪರೀಕ್ಷೆಯ ಮರುದಿನ ರಾಣಿ ಸೋಲನ್ನು ಒಪ್ಪುವುದಿಲ್ಲ. ಮತ್ತೆ ಅಡ್ಡಿ ತೆಗೆಯುತ್ತಾಳೆ. ಜೀವಮಾನದಲ್ಲಿ ಮೊದಲ ಬಾರಿಗೆ ಮಗ ತಾಯಿಗೆ ಬಾಯಿ ಮುಚ್ಚು ಎನ್ನುತ್ತಾನೆ. ಇಲಿ ಗಿಡುಗವನ್ನು ನುಂಗಿದಂತಾಯಿತು. ತಂದೆಗೆ ಮಾತು ಬರುತ್ತದೆ. ಅದೇ ಗಳಿಗೆಯಲ್ಲಿ ತಾಯಿಯ ಮಾತು ನಿಂತುಹೋಗುತ್ತದೆ. ಚಪ್ಪಾಳೆ ಬೀಳುವುದೇನೋ ಸಹಜ. ಆದರೆ ಗಮನಿಸಬೇಕಾದ ಸಂಗತಿಯೆಂದರೆ, ಈ ಅರಮನೆಯಲ್ಲಿ ಇರುವುದು ಒಬ್ಬರಿಗೆ ಸಾಲುವಷ್ಟೇ ಮಾತು. ಅದು ಒಬ್ಬರ ಬಾಯಿಂದ ಇನ್ನೊಬ್ಬರ ಬಾಯಿಗೆ ವರ್ಗವಾಯಿತೇ ಹೊರತು, ಎಲ್ಲರೂ ಮಾತಾಡುವ ಮನೆ ಇನ್ನೂ ಆಗಲಿಲ್ಲ. ‘ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ’ ಎಂಬ ಗಾದೆಯಲ್ಲಿರುವ ಸಮಾಧಾನವೂ ಇದೇ, ಕೊರತೆಯೂ ಇದೇ.

ಮಾತು ಸಿಗದ ಮನೆ ಎಂದರೇನು ಎಂಬುದು ಈ ನಾಟಕಕ್ಕೆ ಸಂಗೀತ ಕೊಟ್ಟ ಮೇರಿ ರಾಜರ್ಸ್ ಅವರಿಗೆ ಚೆನ್ನಾಗಿ ತಿಳಿದಿತ್ತು. ಅವರ ತಂದೆ ರಿಚರ್ಡ್ ರಾಜರ್ಸ್, ‘ಒಕ್ಲಹೋಮಾ’, ‘ದಿ ಸೌಂಡ್ ಆಫ್ ಮ್ಯೂಸಿಕ್’ ಖ್ಯಾತಿಯ ಸಂಗೀತಗಾರ. 1957ರಲ್ಲಿ ತಂದೆ ‘ಸಿಂಡ್ರೆಲಾ’ ಕಥೆಯನ್ನು ಟೆಲಿವಿಷನ್ನಿಗೆಂದೇ ಸಂಗೀತ ನಾಟಕವಾಗಿಸಿ ದೇಶವನ್ನೆಲ್ಲ ಪೆಟ್ಟಿಗೆಯ ಮುಂದೆ ಕೂರಿಸಿದ್ದರು. ಅದೇ ಬಗೆಯ ರಾಜಕುಮಾರಿ ಕಥೆಗೆ ಮಗಳು ಕೈಹಾಕಿದ್ದು ಮರುವರ್ಷ, 1958ರ ಬೇಸಿಗೆಯಲ್ಲಿ. ಪೆನ್ಸಿಲ್ವೇನಿಯಾದ ಟಮಿಮೆಂಟ್ ಎಂಬ ವಿಹಾರಧಾಮದಲ್ಲಿ ಬೇಸಿಗೆಯ ಅತಿಥಿಗಳನ್ನು ರಂಜಿಸಲು ಕಟ್ಟಿದ ಸಣ್ಣ ಪ್ರಹಸನವದು. ಹಾಡುಗಳ ಸಾಹಿತ್ಯ ಮಾರ್ಷಲ್ ಬೇರರ್ ಅವರದು. ಅದು ಬೆಳೆದು 1959ರ ಮೇ 11ರಂದು ನ್ಯೂಯಾರ್ಕಿನ ಫೀನಿಕ್ಸ್ ರಂಗಮಂದಿರಕ್ಕೆ ಬಂತು. ಆಗ ಮೇರಿಗೆ 28 ವರ್ಷ. ಮೊದಲ ಮದುವೆ ಮುರಿದಿತ್ತು. ಸಾಕಬೇಕಾದ ಮೂವರು ಮಕ್ಕಳಿದ್ದರು. ನವೆಂಬರಿನಲ್ಲಿ ನಾಟಕ ಬ್ರಾಡ್‌ವೇಗೆ ಏರಿತು. ಅದೇ ತಿಂಗಳು ಅದೇ ಬ್ರಾಡ್‌ವೇಯಲ್ಲಿ ತಂದೆಯ ‘ದಿ ಸೌಂಡ್ ಆಫ್ ಮ್ಯೂಸಿಕ್’ ಆರಂಭವಾಯಿತು. ಅಂಥ ತಂದೆಯ ಮಗಳಿಗೆ ಹಾಸಿಗೆಯ ಕೆಳಗಿನ ಬಟಾಣಿ ಯಾವುದು ಎಂದು ಬೇರೆ ಹೇಳಬೇಕಿಲ್ಲ. ಇವಳೂ ‘ನಿಜವಾದ’ ಸಂಗೀತಗಾರಳೇ ಎಂದು ಜನ ಪರೀಕ್ಷಿಸುತ್ತಲೇ ಇದ್ದರು. ನಾಟಕ ಒಟ್ಟು 460 ಪ್ರದರ್ಶನ ಕಂಡಿತು.

ಸೊಸೆಯ ಪಾತ್ರದಲ್ಲಿ ಆಗ ಹೊಸಬರಾಗಿದ್ದ ಬರ್ನೆಟ್ ಅವರದೂ ಸುಗಮ ಬಾಲ್ಯವಲ್ಲ. ತಂದೆತಾಯಿ ಇಬ್ಬರೂ ಕುಡಿತಕ್ಕೆ ಬಿದ್ದಿದ್ದರಿಂದ ಅವರನ್ನು ಸಾಕಿದವಳು ಅಜ್ಜಿ, ಹಾಲಿವುಡ್ಡಿನ ಒಂದು ಕೋಣೆಯ ಮನೆಯಲ್ಲಿ. ಮುಂದೆ ಟೆಲಿವಿಷನ್ ಕಾರ್ಯಕ್ರಮಗಳ ಕೊನೆಗೆ ಅವರು ತಮ್ಮ ಕಿವಿಯನ್ನು ಎಳೆದುಕೊಳ್ಳುವುದು ಪ್ರಸಿದ್ಧವಾಯಿತು. ಅದು ಅಜ್ಜಿಗೆ ಕಳಿಸುತ್ತಿದ್ದ ಸನ್ನೆ: ಚೆನ್ನಾಗಿದ್ದೇನೆ, ನಿನ್ನ ನೆನಪಿದೆ ಎಂದು.

1964ರ ಜೂನ್ 3ರಂದು ಸಿಬಿಎಸ್ ವಾಹಿನಿಯಲ್ಲಿ ನಾಟಕ ಮೊದಲು ಪ್ರಸಾರವಾದಾಗ ಅದು ಕಪ್ಪು ಬಿಳುಪು. ಅವಧಿ ತೊಂಬತ್ತು ನಿಮಿಷ. ಪ್ರೇಕ್ಷಕರ ಎದುರಿಗೇ ಚಿತ್ರೀಕರಿಸಿದ್ದರಿಂದ ಅದರಲ್ಲಿ ಕೇಳುವ ನಗು ನಿಜವಾದ ನಗು. 1972ರ ಡಿಸೆಂಬರಿನಲ್ಲಿ ಬಣ್ಣದಲ್ಲಿ ಮತ್ತೆ ಬಂತು. ರಂಗದ ಮೇಲೆ ಅತ್ತೆಯಾಗಿದ್ದ ಜೇನ್ ವೈಟ್ ಅವರೇ ಎರಡೂ ಬಾರಿ ಅತ್ತೆ, ಜಾಕ್ ಗಿಲ್‌ಫರ್ಡ್ ಅವರೇ ಮಾತಿಲ್ಲದ ಮಾವ. ಅಮೆರಿಕದ ಕರಿಯರ ಹಕ್ಕುಗಳಿಗಾಗಿ ಹೋರಾಡಿದ ನಾಯಕ ವಾಲ್ಟರ್ ವೈಟ್ ಅವರ ಮಗಳು ಈ ಜೇನ್. ಕಪ್ಪು ನಟಿಯರಿಗೆ ಮನೆಗೆಲಸದವಳ ಪಾತ್ರಕ್ಕಿಂತ ಹೆಚ್ಚಿನದು ಅಪರೂಪವಾಗಿದ್ದ ಕಾಲದಲ್ಲಿ ಅವರು ರಾಣಿಯಾಗಿ ಮೆರೆದರು. 2005ರಲ್ಲಿ ಬರ್ನೆಟ್ ಕುಳಿತದ್ದು ಇವರು ಕುಳಿತಿದ್ದ ಸಿಂಹಾಸನದಲ್ಲೇ. ಹೊಸ ಸೊಸೆಯಾಗಿ ಬಂದವರು ಟ್ರೇಸಿ ಉಲ್ಮನ್.

ಮೇರಿ ರಾಜರ್ಸ್ ಅವರಿಗೆ ಇಷ್ಟು ದೊಡ್ಡ ಯಶಸ್ಸು ಸಂಗೀತದಲ್ಲಿ ಮತ್ತೆ ಸಿಗಲಿಲ್ಲ. ಅವರು ಬರವಣಿಗೆಗೆ ತಿರುಗಿದರು. ನಾಟಕ ಎರಡನೆಯ ಬಾರಿ ಟೆಲಿವಿಷನ್ನಿಗೆ ಬಂದ 1972ರಲ್ಲೇ ಅವರ ಮಕ್ಕಳ ಕಾದಂಬರಿ ‘ಫ್ರೀಕಿ ಫ್ರೈಡೇ’ ಪ್ರಕಟವಾಯಿತು. ಹದಿಮೂರರ ಹುಡುಗಿಯೊಬ್ಬಳು ಒಂದು ಬೆಳಿಗ್ಗೆ ತಾಯಿಯ ದೇಹದೊಳಗೆ ಎಚ್ಚರಗೊಳ್ಳುತ್ತಾಳೆ. ದಿನವಿಡೀ ತಾಯಿಯ ಪಾಡನ್ನು ತಾನೇ ಪಡುತ್ತಾಳೆ. ಒಬ್ಬರ ಬಾಯಿ ಕಟ್ಟಿ ಇನ್ನೊಬ್ಬರು ಗೆಲ್ಲುವ ಬದಲು, ಒಬ್ಬರ ಜಾಗದಲ್ಲಿ ಇನ್ನೊಬ್ಬರು ನಿಂತು ನೋಡುವ ಕಥೆಯಿದು. ನಾಟಕದ ರಾಣಿಗೆ ಸಿಗದ ನ್ಯಾಯ ಈ ತಾಯಿಗೆ ಸಿಕ್ಕಿತು. ತಮ್ಮ ಮನೆಯ ಕಥೆಯನ್ನು ಮೇರಿ ಮುಚ್ಚುಮರೆಯಿಲ್ಲದೆ ಹೇಳಿಕೊಂಡ ಪುಸ್ತಕ ಮಾತ್ರ ಹೊರಬಂದದ್ದು ಅವರು 2014ರಲ್ಲಿ ತೀರಿಕೊಂಡು ಎಂಟು ವರ್ಷಗಳಾದ ಮೇಲೆ, 2022ರಲ್ಲಿ. ಅದರ ಹೆಸರು ‘ಶೈ’, ಅಂದರೆ ನಾಚಿಕೆಯವಳು. ಕಂದಕ ಈಜಿ ಬಂದ ಹುಡುಗಿ ಕೂಗಿ ಹಾಡುವ ಹಾಡಿನ ಹೆಸರೇ ಅದು.

ಆ ಹುಡುಗಿ ಪರೀಕ್ಷೆಯಲ್ಲಿ ಗೆದ್ದದ್ದು ಹೇಗೆ ಎಂಬುದನ್ನು ಹೇಳದಿದ್ದರೆ ಕಥೆ ಪೂರ್ತಿಯಾಗದು. ಮಹಾರಾಜ, ವಿದೂಷಕ ಮತ್ತು ಹಾಡುಗಾರ ಮೂವರೂ ಸೇರಿ ಹಾಸಿಗೆಗಳೊಳಗೆ ಆಯುಧ, ಈಟಿ ಏನೇನೋ ತುರುಕಿದ್ದರು. ನಿದ್ದೆ ಬರುವುದಾದರೂ ಹೇಗೆ? ಕೊನೆಗೆ ಗುಟ್ಟು ಬಯಲಾಗಿ ಅವನ್ನೆಲ್ಲ ಹೊರತೆಗೆಯುತ್ತಾರೆ. ಆದರೂ ಅವಳಿಗೆ ನಿದ್ದೆ ಬಾರದು. ಆಗ ರಾಜಕುಮಾರ ತಾನೇ ಕೈಹಾಕಿ, ಎಲ್ಲಕ್ಕಿಂತ ಕೆಳಗಿದ್ದ ಬಟಾಣಿ ಕಾಳನ್ನು ತೆಗೆಯುತ್ತಾನೆ. ಮರುಕ್ಷಣ ಅವಳು ಗಾಢ ನಿದ್ದೆಗೆ ಜಾರುತ್ತಾಳೆ.

ತಾಯಿಯ ಬಾಯಿ ಕಟ್ಟಿಹೋದಾಗ ಸೊಸೆಗೆ ನಿದ್ದೆ ಬರಲಿಲ್ಲ. ಮಗ ಎದ್ದು ಬಂದು ಕಾಳು ತೆಗೆದಾಗ ಬಂತು. ಅತ್ತೆ–ಸೊಸೆಯರ ಜಗಳದಲ್ಲಿ ತನ್ನದೇನೂ ಪಾತ್ರವಿಲ್ಲವೆಂದು ದೂರ ನಿಲ್ಲುವ ಗಂಡುಮಕ್ಕಳು ನೋಡಬೇಕಾದ ದೃಶ್ಯ ಅದು.