ಮಾಡಿನ ಲೆಕ್ಕವನ್ನೂ ಬರೆದಿಡೋಣ
(ವಾಚನಾಲಯದ ಮಾಸಿಕ ಕೂಟದಲ್ಲಿ ಮಾಡಿದ ಭಾಷಣ)



ಇಲ್ಲಿಂದ ಒಂದು ಪುಸ್ತಕ ಹೊರಗೆ ಹೋದರೆ ಯಾರು ಒಯ್ದರು, ಎಂದು ಒಯ್ದರು, ಹಾಳೆ ಹರಿದಿದೆಯೇ ಎಂದೆಲ್ಲ ನಾವು ವಹಿಯಲ್ಲಿ ಬರೆದಿಡುತ್ತೇವೆ. ಆದರೆ ಆ ಪುಸ್ತಕಗಳ ಮೇಲಿನ ಮಾಡು ಯಾವುದರದೆಂದು ಯಾವ ವಹಿಯಲ್ಲಿಯೂ ಇರಲಿಲ್ಲ. ಕಳೆದ ಮಳೆಗಾಲಕ್ಕೆ ಮುಂಚೆ, ಸೋರುವ ಮೂಲೆಯನ್ನು ಸರಿಪಡಿಸಲು ಬಂದ ನಮ್ಮ ಕಡೆಯ ಹುಡುಗನೊಬ್ಬ ಹಳೆಯ ಶೀಟನ್ನು ವಿದ್ಯುತ್ ಗರಗಸದಿಂದ ಕೊಯ್ದನು. ಕೋಣೆಯೆಲ್ಲ ಬಿಳಿ ಧೂಳಾಯಿತು. ನಾವೇ ಕಸಬರಿಗೆ ಹಿಡಿದು ಗುಡಿಸಿದೆವು. ಅದು ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಬೆರೆಸಿದ ಸಿಮೆಂಟ್ ಶೀಟೆಂದು ಹಿರಿಯ ಸದಸ್ಯರೊಬ್ಬರು ಆಮೇಲೆ ಹೇಳಿದರು. "ಕೇಳಿದ್ದರೆ ಮೊದಲೇ ಹೇಳುತ್ತಿದ್ದೆನಲ್ಲ ತಮ್ಮಾ" ಎಂದರು. ಕೇಳಬೇಕೆಂಬುದೇ ನಮಗೆ ತಿಳಿದಿರಲಿಲ್ಲ.

ಕಲ್ನಾರು ಭೂಮಿಯಿಂದ ತೆಗೆಯುವ ನಾರುಳ್ಳ ಕಲ್ಲು. ಶೀಟು ಗಟ್ಟಿಯಾಗಿರುವ ತನಕ ನಾರು ಸಿಮೆಂಟಿನೊಳಗೆ ಹಿಡಿದುಕೊಂಡಿರುತ್ತದೆ. ಕೊಯ್ದಾಗ, ಕೊರೆದಾಗ, ಒಡೆದಾಗ, ಒಣಧೂಳನ್ನು ಗುಡಿಸಿದಾಗ ಕಣ್ಣಿಗೆ ಕಾಣದ ಎಳೆಗಳು ಗಾಳಿಗೇಳುತ್ತವೆ. ಉಸಿರಿನೊಡನೆ ಒಳಹೊಕ್ಕ ಎಳೆಗಳು ಶ್ವಾಸಕೋಶದಲ್ಲಿ ಉಳಿದುಬಿಡಬಲ್ಲವು. ಶ್ವಾಸಕೋಶ ಗಡುಸಾಗುವ ಆಸ್ಬೆಸ್ಟೋಸಿಸ್, ಶ್ವಾಸಕೋಶದ ಕ್ಯಾನ್ಸರು, ಅದರ ಹೊದಿಕೆಗೆ ಬರುವ ಮೀಸೋಥೀಲಿಯೋಮ ಎಂಬ ಕ್ಯಾನ್ಸರು, ಇವು ಸಾಮಾನ್ಯವಾಗಿ ತಲೆದೋರುವುದು 20ರಿಂದ 40 ವರ್ಷಗಳ ನಂತರ. ಒಂದು ದಿನದ ಧೂಳಿನಿಂದ ಎಲ್ಲರಿಗೂ ರೋಗ ಬಂದೇ ಬರುವುದೆಂದಲ್ಲ. ಧೂಳು ಹೆಚ್ಚಿದಷ್ಟೂ, ದಿನಗಳು ಹೆಚ್ಚಿದಷ್ಟೂ ಅಪಾಯ ಹೆಚ್ಚು. ಆದುದರಿಂದ ದಿನವೂ ಇಂಥ ಕೆಲಸ ಮಾಡುವ ಕೂಲಿಕಾರನಿಗೇ ಭಯ ಜಾಸ್ತಿ.

ಬ್ರಿಟನ್ನು 1999ರಲ್ಲಿ ಕಲ್ನಾರನ್ನು ಪೂರ್ತಿಯಾಗಿ ನಿಷೇಧಿಸಿತು. ಆದರೂ ಹಳೆಯ ಕಟ್ಟಡಗಳಲ್ಲಿದ್ದುದು ಉಳಿದೇ ಇದೆ. 2012ರ ನಿಯಮಗಳಂತೆ ಅಲ್ಲಿ ಕಚೇರಿ, ಶಾಲೆ, ಕಾರ್ಖಾನೆ ಮುಂತಾದ ಕಟ್ಟಡಗಳ ಹೊಣೆಗಾರರು ಕಲ್ನಾರು ಎಲ್ಲಿದೆ, ಯಾವ ಸ್ಥಿತಿಯಲ್ಲಿದೆ ಎಂದು ಬರೆದಿಡಬೇಕು. ಅದನ್ನು ಮುಟ್ಟಬಹುದಾದ ಕೆಲಸಗಾರನಿಗೆ ತಿಳಿಸಬೇಕು. ಸಂದೇಹವಿದ್ದರೆ ಇದೆಯೆಂದೇ ಎಣಿಸಬೇಕು. ನಮ್ಮ ದೇಶದಲ್ಲಿ ಶೀಟಿನ ಬಳಕೆ ನಿಂತಿಲ್ಲ. ಆದರೆ 1995ರಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯವು ಕಲ್ನಾರು ಉದ್ಯಮಗಳಿಗೆ ಒಂದು ಆಜ್ಞೆ ಮಾಡಿತು: ಪ್ರತಿಯೊಬ್ಬ ಕಾರ್ಮಿಕನ ಆರೋಗ್ಯದ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ, ಇಲ್ಲವೆ ಕೆಲಸ ಬಿಟ್ಟ ಮೇಲೆ 15 ವರ್ಷ, ಇವೆರಡರಲ್ಲಿ ಯಾವುದು ತಡವೋ ಅಲ್ಲಿಯವರೆಗೆ ಇಡಬೇಕು. ರೋಗವು ಅಷ್ಟು ತಡವಾಗಿ ಬರುವುದರಿಂದ ಕಾಗದವೂ ಅಷ್ಟು ದಿನ ಬಾಳಬೇಕು.

ನಾವೂ ಈಗ ಒಂದು ವಹಿ ತೆರೆದಿದ್ದೇವೆ. ಅದರಲ್ಲಿ ಆರು ಮನೆಗಳು: ಸ್ಥಳ, ವಸ್ತು, ಅಳತೆ, ಸ್ಥಿತಿ, ನೋಡಿದ ತಾರೀಖು, ಮಾಡಿದ ಕೆಲಸ. ಮಾಡು, ನೀರಿನ ಟಾಕಿ, ಹಳೆಯ ಮೋರಿ ಕೊಳವೆ ಎಲ್ಲವನ್ನೂ ಬರೆದು, ಕಟ್ಟಡದ ನಕ್ಷೆಯಲ್ಲಿ ಗುರುತು ಹಾಕಿದ್ದೇವೆ. ಕಣ್ಣಳತೆಯಿಂದ ಕಲ್ನಾರನ್ನು ನಿಶ್ಚಯಿಸಲಾಗದು, ಪ್ರಯೋಗಶಾಲೆಯಲ್ಲಿ ಪರೀಕ್ಷೆಯಾಗಬೇಕು. ಅಲ್ಲಿಯ ತನಕ "ಇರಬಹುದು" ಎಂದು ಬರೆದು, ಇದೆಯೆಂದೇ ನಡೆದುಕೊಳ್ಳುತ್ತೇವೆ. ವರ್ಷಕ್ಕೊಮ್ಮೆ ಮಳೆಗೆ ಮುಂಚೆ ನೆಲದ ಮೇಲೆ ನಿಂತೇ ನೋಡಿ, ಬಿರುಕು ಬಿಟ್ಟಿದ್ದರೆ ಬರೆಯುತ್ತೇವೆ. ಹಳೆಯ ಶೀಟು ಕಾಲಡಿಯಲ್ಲಿ ಮುರಿಯುವುದರಿಂದ ಯಾರೂ ಮೇಲೆ ಹತ್ತಬಾರದು.

ರಿಪೇರಿಗೆ ಬಂದವರಿಗೆ ಮೊದಲು ವಹಿ ತೋರಿಸಬೇಕು. ಓದು ಬಾರದವರಿಗೆ ಅವರ ಭಾಷೆಯಲ್ಲಿಯೇ ಹೇಳಬೇಕು. ಗಟ್ಟಿಯಾಗಿರುವುದನ್ನು ಕೆದಕಬಾರದು. ಒಡೆದುದನ್ನು ತೆಗೆಯಲು ಬಲ್ಲವರನ್ನೇ ಕರೆಯಬೇಕು. ಗರಗಸವಾಗಲಿ ಒಣ ಕಸಬರಿಗೆಯಾಗಲಿ ಕೂಡದು. ನೀರು ಚಿಮುಕಿಸಿಯೇ ಕೆಲಸ. ಮೂಗಿಗೆ ಕಟ್ಟಿದ ಕರವಸ್ತ್ರ ಈ ಎಳೆಗಳನ್ನು ತಡೆಯದು.

ಬಂಧುಗಳೇ, ನಾವು ಊರು ಬಿಟ್ಟು ಬಂದವರು. ಖೋಲಿ ಬದಲಾಗುತ್ತದೆ, ಕೆಲಸ ಬದಲಾಗುತ್ತದೆ, ತಿಳಿದವರು ಊರಿಗೆ ಮರಳುತ್ತಾರೆ. ಆದುದರಿಂದ ತಮ್ಮ ತಮ್ಮ ಚಾಳಿನಲ್ಲಿಯೂ ಇಂಥ ವಹಿಯೊಂದನ್ನು ತೆರೆಯಿರಿ. ಧೂಳಿನ ಕೆಲಸ ಮಾಡಿದವರು ಎಲ್ಲಿ, ಎಷ್ಟು ದಿನ ಮಾಡಿದೆವೆಂದು ಒಂದು ಚೀಟಿಯಲ್ಲಾದರೂ ಬರೆದಿಡಿ.

ನಮ್ಮ ವಹಿಯ ಮೊದಲ ಪುಟದಲ್ಲಿ ಆ ಹುಡುಗನ ಹೆಸರು, ಅವನ ಒಪ್ಪಿಗೆಯಿಂದ, ತಾರೀಖಿನೊಡನೆ ಇದೆ. ಕೆಳಗೆ ಅಂದು ಗುಡಿಸಿದ ನಮ್ಮೆಲ್ಲರ ಹೆಸರುಗಳೂ ಇವೆ. ಅವನಿಗೊಂದು ಪ್ರತಿಯನ್ನು ಕೊಟ್ಟಿದ್ದೇವೆ. ಮುಂದೆಂದಾದರೂ ವೈದ್ಯರು "ಯಾವ ಧೂಳಿನಲ್ಲಿ ಕೆಲಸ ಮಾಡಿದ್ದೆಯಪ್ಪಾ?" ಎಂದು ಕೇಳಿದರೆ ತೋರಿಸಲು ಅವನ ಕೈಯಲ್ಲಿ ಒಂದು ಕಾಗದವಿರಲಿ.