ಬಿಸಿಲ ನಾಡಿನಲ್ಲಿ ಹೋಯಾ ಬಳ್ಳಿ

(ನಾಗಪುರದ ಇತವಾರಿಯಲ್ಲಿ ಕನ್ನಡ ಕುಟುಂಬಗಳ ಮುಂದೆ ಮಾಡಿದ ಭಾಷಣದ ಪಾಠ)



ಭಾನುವಾರದ ಸಂತೆಯಿಂದ ಹೆಸರು ಪಡೆದ ಈ ಇತವಾರಿ ಧಾನ್ಯ, ಬಟ್ಟೆ, ಚಿನ್ನಬೆಳ್ಳಿಗಳ ವ್ಯಾಪಾರದ ನೆಲೆ. ಇಲ್ಲಿ ಕೆಳಗೆ ಅಂಗಡಿ, ಮೇಲೆ ಮನೆ. ನಡುವೆ ಕಿರಿದಾದ ಗಲ್ಲಿ. ನಮ್ಮಲ್ಲಿ ಅನೇಕರಿಗೆ ಗಿಡ ನೆಡಲು ಅಂಗಳವಿಲ್ಲ. ಆದರೂ ಕಿಟಕಿಯ ಬಳಿ ತೂಗುಹಾಕಿದ ಒಂದು ಕುಂಡದಲ್ಲಿ ಹೂಬಳ್ಳಿಯೊಂದನ್ನು ಬೆಳೆಸುವುದು ಅಸಾಧ್ಯವೇನಲ್ಲ. ಅಂತಹ ಒಂದು ಬಳ್ಳಿಯಾದ ಹೋಯಾವನ್ನು ಕುರಿತು ಕೆಲವು ವಿಚಾರಗಳನ್ನು ಇಂದು ತಮ್ಮ ಮುಂದಿಡಬಯಸುತ್ತೇನೆ.

ಹೋಯಾ ನಮ್ಮ ಎಕ್ಕದ ಗಿಡದ ಬಂಧು. ಕಾಂಡವನ್ನು ಕತ್ತರಿಸಿದರೆ ಎಕ್ಕದಂತೆಯೇ ಹಾಲು ಒಸರುತ್ತದೆ. ಎಲೆಗಳು ದಪ್ಪ. ಹೂಗಳು ಪುಟ್ಟ ನಕ್ಷತ್ರಗಳಂತಿದ್ದು, ಮೇಣದಿಂದ ಮಾಡಿದಂತೆ ಹೊಳೆಯುತ್ತಾ ಗೊಂಚಲು ಗೊಂಚಲಾಗಿ ಅರಳುತ್ತವೆ. ಕತ್ತಲಾದ ಮೇಲೆ ಅವುಗಳ ಪರಿಮಳ ಹೆಚ್ಚುತ್ತದೆ. ಸಸ್ಯವಿಜ್ಞಾನಿ ರಾಬರ್ಟ್ ಬ್ರೌನ್ 1810ರಲ್ಲಿ ಥಾಮಸ್ ಹಾಯ್ ಎಂಬ ತೋಟಗಾರನ ಗೌರವಾರ್ಥವಾಗಿ ಈ ಕುಲಕ್ಕೆ ಹೋಯಾ ಎಂದು ಹೆಸರಿಟ್ಟನು. ಮನೆಗಳಲ್ಲಿ ಹೆಚ್ಚಾಗಿ ಬೆಳೆಸುವ ಹೋಯಾ ಕಾರ್ನೋಸಾ ಪೂರ್ವ ಏಷ್ಯಾದ ಸಸ್ಯ. ಆದರೆ ಈ ಕುಲ ನಮಗೆ ಹೊರಗಿನದಲ್ಲ. ಪಶ್ಚಿಮ ಘಟ್ಟದ ಕಾಡುಗಳಲ್ಲಿ ಹೋಯಾ ವೈಟಿಯೈ ಮೊದಲಾದ ಜಾತಿಗಳು ಸಹಜವಾಗಿಯೇ ಬೆಳೆಯುತ್ತವೆ.

ಕಾಡಿನಲ್ಲಿ ಹೋಯಾ ಸಾಮಾನ್ಯವಾಗಿ ಮರದ ಮೇಲೆ ಹಬ್ಬುತ್ತದೆ. ಹಾಗೆಂದು ಅದು ಬಂದಳಿಕೆಯಲ್ಲ. ಬಂದಳಿಕೆ ಆಸರೆ ಕೊಟ್ಟ ಮರದ ರಸವನ್ನೇ ಹೀರುತ್ತದೆ. ಹೋಯಾ ಆಸರೆಯನ್ನು ಮಾತ್ರ ಪಡೆಯುತ್ತದೆ. ತೊಗಟೆಯ ಸಂದಿನಲ್ಲಿ ಸೇರಿದ ತರಗೆಲೆಯ ಪುಡಿ, ಹರಿದುಹೋಗುವ ಮಳೆನೀರು, ಸುತ್ತಲಿನ ತೇವದ ಗಾಳಿ ಇವೇ ಅದರ ಜೀವನಾಧಾರ. ಅದರ ಬೇರು ನೀರಿನಲ್ಲಿ ನಿಲ್ಲುವುದಿಲ್ಲ, ಗಾಳಿಯಾಡುವ ಕಡೆ ನೆನೆಯುತ್ತದೆ ಮತ್ತು ಒಣಗುತ್ತದೆ. ಈ ಒಂದು ಸಂಗತಿಯನ್ನು ತಿಳಿಯದೆ ನಾನು ಒಂದು ಬಳ್ಳಿಯನ್ನು ಕಳೆದುಕೊಂಡೆ.

ಸಾಗರ ತಾಲ್ಲೂಕಿನ ನಮ್ಮ ಮನೆಯಲ್ಲಿ ತಾಯಿಯವರು ಜಗಲಿಯ ಕಂಬಕ್ಕೆ ಹೋಯಾ ಹಬ್ಬಿಸಿದ್ದರು. ಅವರು ತೀರಿಕೊಂಡ ವರ್ಷ ಅದರ ಒಂದು ಕಡ್ಡಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಇತವಾರಿಗೆ ತಂದೆನು. ಮಳೆಗಾಲದಲ್ಲಿ ಅದು ಚಿಗುರಿತು. ಮೇ ತಿಂಗಳು ಬಂದಾಗ ಎಲೆಗಳು ಸುಕ್ಕುಗಟ್ಟಿದವು. ಬಾಯಾರಿದೆ ಎಂದು ಭಾವಿಸಿ ದಿನಕ್ಕೆ ಮೂರು ಬಾರಿ ನೀರೆರೆದೆನು. ಎಲೆಗಳು ಇನ್ನಷ್ಟು ಸುಕ್ಕಾದವು. ಕೊನೆಗೆ ಕುಂಡವನ್ನು ಬೋರಲು ಹಾಕಿ ನೋಡಿದಾಗ ಬೇರುಗಳು ಕೊಳೆತು ಕಪ್ಪಾಗಿದ್ದವು.

ನಾನು ಮಾಡಿದ ತಪ್ಪು ಬಹಳ ಜನ ಮಾಡುವ ತಪ್ಪೇ ಆಗಿದೆ. ಗಾಳಿಯ ಶುಷ್ಕತೆ ಬೇರೆ, ಬೇರಿನ ಶುಷ್ಕತೆ ಬೇರೆ. ನಾಗಪುರದ ಬೇಸಗೆಯಲ್ಲಿ ಒಣಗುವುದು ಮುಖ್ಯವಾಗಿ ಗಾಳಿ. 2013ರ ಮೇ 23ರಂದು ಇಲ್ಲಿ ಉಷ್ಣತೆ 47.9 ಡಿಗ್ರಿ ಸೆಲ್ಸಿಯಸ್ ತಲುಪಿತ್ತು. ಅಂತಹ ದಿನಗಳಲ್ಲಿ ಗಿಡಕ್ಕೆ ಬೇಕಾದುದು ನೆರಳು ಮತ್ತು ತೇವವುಳ್ಳ ಗಾಳಿ. ಬುಡಕ್ಕೆ ಸುರಿದ ಹೆಚ್ಚಿನ ನೀರು ಬೇರಿಗೆ ಗಾಳಿ ದೊರೆಯದಂತೆ ಮಾಡುತ್ತದೆ; ಬೇರು ಕೊಳೆತ ಮೇಲೆ ನೀರಿದ್ದರೂ ಗಿಡ ಕುಡಿಯಲಾರದು. ಆದುದರಿಂದ ಎಲೆ ಸುಕ್ಕಾದೊಡನೆ ತಂಬಿಗೆ ಹಿಡಿಯಬಾರದು. ಬೆರಳನ್ನು ಒಂದು ಅಂಗುಲ ಆಳಕ್ಕೆ ಇಳಿಸಿ ನೋಡಬೇಕು. ಒಣಗಿದ್ದರೆ ಚೆನ್ನಾಗಿ ನೀರೆರೆದು ಬಸಿಯಲು ಬಿಡಬೇಕು. ತೇವವಿದ್ದೂ ಎಲೆ ಸುಕ್ಕಾಗಿದ್ದರೆ ಬೇರನ್ನು ಪರೀಕ್ಷಿಸಬೇಕು.

ಈಗ ಕ್ರಮವಾಗಿ ಕೆಲವು ಸೂಚನೆಗಳನ್ನು ನೀಡುತ್ತೇನೆ. ಕುಂಡಕ್ಕೆ ಬರಿಯ ಮಣ್ಣು ಸಲ್ಲದು. ತೆಂಗಿನ ಸಿಪ್ಪೆಯ ಚೂರು, ಇದ್ದಿಲ ಚೂರು ಹಾಗೂ ಎಲೆಗೊಬ್ಬರವನ್ನು ಬೆರೆಸಿ ತುಂಬಬೇಕು, ತಳದಲ್ಲಿ ರಂಧ್ರಗಳಿರಬೇಕು. ಕುಂಡ ಚಿಕ್ಕದಾದಷ್ಟೂ ಲೇಸು. ಪೂರ್ವದ ಕಿಟಕಿಯ ಎಳೆಬಿಸಿಲು ಉತ್ತಮ. ಬೆಳಕು ಸಾಲದಿದ್ದರೆ ಬಳ್ಳಿ ಬೆಳೆದೀತು, ಹೂ ಬಿಡದು. ಮಧ್ಯಾಹ್ನದ ಬಿಸಿಲು ಎಲೆಯನ್ನು ಸುಡುತ್ತದೆ.

ಕಡ್ಡಿ ನೆಡಲು ಮಳೆಗಾಲವೇ ಯೋಗ್ಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿನ ಗಾಳಿ ಬಳ್ಳಿಯ ತವರಿನ ಗಾಳಿಯನ್ನು ಹೋಲುತ್ತದೆ. ಎರಡು ಗೆಣ್ಣುಗಳಿರುವ ಕಡ್ಡಿಯನ್ನು ಕತ್ತರಿಸಿ, ಹಾಲು ಆರಿದ ಮೇಲೆ ಒಂದು ಗೆಣ್ಣನ್ನು ಮಿಶ್ರಣದಲ್ಲಿ ಹುಗಿಯಬೇಕು. ಸತತ ಮಳೆ ಕುಂಡದ ಮೇಲೆ ಸುರಿಯದಂತೆ ಸೂರಿನಡಿ ಇಡುವುದು ಅವಶ್ಯಕ. ಬೇಸಗೆಯಲ್ಲಿ ಕೂಲರ್ ಇರುವ ಕೋಣೆ ಬಳ್ಳಿಗೂ ಹಿತಕರ. ನಮಗೆ ತಂಪೆನಿಸುವ ಆ ತೇವದ ಗಾಳಿ ಅದಕ್ಕೂ ಬೇಕು. ಆದರೆ ಕೂಲರಿನ ತೊಟ್ಟಿಯಲ್ಲಿ ಉಳಿದ ನೀರನ್ನು ಗಿಡಕ್ಕೆ ಹಾಕಬಾರದು. ನೀರು ಆವಿಯಾದಂತೆ ಅದರಲ್ಲಿ ಲವಣಾಂಶ ಹೆಚ್ಚಿರುತ್ತದೆ. ಚಳಿಗಾಲದಲ್ಲಿ ಬೆಳವಣಿಗೆ ನಿಧಾನವಾಗುವುದರಿಂದ ನೀರನ್ನು ಕಡಿಮೆ ಮಾಡಿ, ರಾತ್ರಿಯ ಥಂಡಿಯಿಂದ ಬಳ್ಳಿಯನ್ನು ಒಳಗಿಡಬೇಕು. ಬಿಳಿ ಹಿಟ್ಟುತಿಗಣೆ ಕಂಡರೆ ಒದ್ದೆ ಬಟ್ಟೆಯಿಂದ ಒರೆಸಿ, ಸಾಬೂನು ಬೆರೆಸಿದ ತೆಳುವಾದ ಬೇವಿನೆಣ್ಣೆಯ ದ್ರಾವಣವನ್ನು ಸಂಜೆ ಸಿಂಪಡಿಸಬಹುದು.

ಹೂ ಬಾಡಿದ ನಂತರ ಅದರ ತೊಟ್ಟನ್ನು ಕತ್ತರಿಸದಿರುವುದು ಅತಿ ಮುಖ್ಯ. ಒಣಕಲಾಗಿ ತೋರುವ ಆ ಮೋಟು ತೊಟ್ಟಿನಲ್ಲಿಯೇ ಹೋಯಾ ಮತ್ತೆ ಹೂ ಬಿಡುತ್ತದೆ. ಅಚ್ಚುಕಟ್ಟು ಮಾಡುವ ಉತ್ಸಾಹದಲ್ಲಿ ಅದನ್ನು ಕತ್ತರಿಸಿದವರು ಮುಂದಿನ ಹೂವನ್ನೇ ಕತ್ತರಿಸಿದಂತಾಗುತ್ತದೆ.

ಕೊಳ್ಳುವವರಿಗೂ ಒಂದು ಎಚ್ಚರಿಕೆಯ ಮಾತು. ಹೃದಯದ ಆಕಾರದ ಒಂಟಿ ಎಲೆಯನ್ನು ಪುಟ್ಟ ಕುಂಡದಲ್ಲಿ ನೆಟ್ಟು ಉಡುಗೊರೆಯಾಗಿ ಮಾರುವುದುಂಟು. ಅದೂ ಹೋಯಾ ಜಾತಿಯೇ. ಆದರೆ ಗೆಣ್ಣಿನ ಭಾಗವಿಲ್ಲದ ಎಲೆ ಬೇರುಬಿಟ್ಟು ವರ್ಷಗಟ್ಟಲೆ ಹಸಿರಾಗಿದ್ದರೂ ಬಳ್ಳಿಯಾಗಲಾರದು. ಗೆಣ್ಣಿದೆಯೇ ಎಂದು ನೋಡಿ ಕೊಳ್ಳುವುದು ಜಾಣತನ. ಕಾಡಿನಿಂದ ಕಿತ್ತು ತರುವ ಆಸೆಯನ್ನಂತೂ ಬಿಡಬೇಕು. ನೆರೆಮನೆಯ ಬಳ್ಳಿಯ ಒಂದು ಕಡ್ಡಿ ಸಾಕು.

ಮನೆಯ ಗಿಡ ಮನೆಯವರ ಆರೋಗ್ಯಕ್ಕೆ ಕುತ್ತಾಗಬಾರದು. ಡೆಂಗಿ ಜ್ವರವನ್ನು ಹರಡುವ ಈಡಿಸ್ ಸೊಳ್ಳೆ ನಿಂತ ನೀರಿನಲ್ಲಿ ಮೊಟ್ಟೆಯಿಡುತ್ತದೆ. ಕುಂಡದ ಕೆಳಗಿನ ತಟ್ಟೆ ಹಾಗೂ ಕೂಲರಿನ ತೊಟ್ಟಿ ಅದಕ್ಕೆ ಪ್ರಿಯವಾದ ಸ್ಥಳಗಳು. ಮೊಟ್ಟೆಯಿಂದ ಸೊಳ್ಳೆಯಾಗಲು ಸುಮಾರು ಏಳರಿಂದ ಹತ್ತು ದಿನಗಳು ಸಾಕು. ಮೊಟ್ಟೆಗಳು ಒಣಗಿದ ತಟ್ಟೆಯಲ್ಲಿಯೂ ತಿಂಗಳುಗಟ್ಟಲೆ ಜೀವ ಹಿಡಿದಿರಬಲ್ಲವು. ಆದ್ದರಿಂದ ವಾರಕ್ಕೊಮ್ಮೆ ಇವೆರಡನ್ನೂ ಬರಿದುಮಾಡಿ, ಒಳಮೈಯನ್ನು ಉಜ್ಜಿ ತೊಳೆದು ಒಣಗಿಸಬೇಕು. ಬಳ್ಳಿಯ ಬೇರಿಗೂ ಇದರಿಂದ ಒಳಿತೇ ಆಗುತ್ತದೆ.

ನನ್ನ ಮೊದಲ ಬಳ್ಳಿ ಹೋಯಿತೆಂದು ಹೇಳಿದೆನಲ್ಲವೇ? ತಾಯಿಯವರು ಹಿಂದೊಮ್ಮೆ ಅದರ ಕಡ್ಡಿಯನ್ನು ಚಿಕ್ಕಮ್ಮನಿಗೆ ಕೊಟ್ಟಿದ್ದರು. ಚಿಕ್ಕಮ್ಮನ ಮನೆಯಿಂದ ಮತ್ತೊಂದು ಕಡ್ಡಿ ತಂದು, ಈ ಬಾರಿ ಬೆರಳಿನಿಂದ ಮುಟ್ಟಿ ನೋಡಿ ನೀರು ಹಾಕಿದೆನು. ಮೂರನೆಯ ವರ್ಷದ ಮಳೆಗಾಲದಲ್ಲಿ ಅದು ಹೂ ಬಿಟ್ಟಿತು. ಅಂದಿನಿಂದ ನಮ್ಮ ಗಲ್ಲಿಯಲ್ಲಿ ಕೇಳಿದವರಿಗೆಲ್ಲ ಕಡ್ಡಿ ಕೊಡುತ್ತಾ ಬಂದಿದ್ದೇನೆ. ಒಂದು ಮನೆಯಲ್ಲಿ ಒಣಗಿದರೆ ಇನ್ನೊಂದು ಮನೆಯಲ್ಲಿ ಉಳಿದಿರುತ್ತದೆ. ತಾವೂ ಬೆಳೆಸಿ, ಬೆಳೆದುದನ್ನು ಹಂಚಬೇಕೆಂದು ಕೋರುತ್ತಾ ನನ್ನ ಮಾತುಗಳನ್ನು ಮುಗಿಸುತ್ತೇನೆ.