ಗಿಲೀಟು ಪೆಟ್ಟಿಗೆ ಕೊಳ್ಳುವ ಮುನ್ನ

(ಸಂಘದ ಭಾನುವಾರದ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ಹೋಟೆಲು ಹುಡುಗರು ನಾಲ್ಕೈದು ಮಂದಿ ಚೀಟಿ ಎತ್ತಿದ ಹಣದಲ್ಲಿ ಗಿಲೀಟು ಹಾಕುವ ಸಾಮಾನಿನ ಪೆಟ್ಟಿಗೆಯೊಂದನ್ನು ಕೊಳ್ಳಬೇಕೆಂದಿದ್ದಾರೆ. ಚೋರ್ ಬಜಾರಿನಲ್ಲಿ ಮಾಸಿಹೋದ ಸೈಕಲ್ ಗಂಟೆ, ಹೊಲಿಗೆ ಯಂತ್ರದ ಚಕ್ರ, ಬಾಗಿಲ ಹಿಡಿ ಇವನ್ನು ಅಗ್ಗಕ್ಕೆ ತಂದು, ಹೊಳಪು ಬರಿಸಿ ಮಾರುವುದು ಅವರ ಯೋಚನೆ. ರಜೆಯ ದಿನ ಇಸ್ಪೀಟು ಆಡುವುದಕ್ಕಿಂತ ಇದು ಎಷ್ಟೋ ಮೇಲು. ಆದರೆ ಪೆಟ್ಟಿಗೆಯ ಮೇಲಿನ ಬಣ್ಣದ ಚಿತ್ರ ನೋಡಿ ದುಡ್ಡು ಎಣಿಸಿಕೊಟ್ಟರೆ ಆ ಚೀಟಿ ಹಣ ಮೋರಿಯ ಪಾಲಾದೀತು. ಆದುದರಿಂದ ನಾವು ತಿಳಿದುಕೊಂಡದ್ದನ್ನು ನಾಲ್ಕು ಮಾತಿನಲ್ಲಿ ಹೇಳುತ್ತೇವೆ.

ಗಿಲೀಟಿನಲ್ಲಿ ಮಂತ್ರವೇನೂ ಇಲ್ಲ. ಲೋಹದ ಲವಣ ಕರಗಿಸಿದ ನೀರಿನಲ್ಲಿ ನಿಕ್ಕಲ್ ತಗಡನ್ನು ಪ್ಲಸ್ಸಿಗೂ ನಮ್ಮ ಸಾಮಾನನ್ನು ಮೈನಸ್ಸಿಗೂ ಕಟ್ಟಿ ವಿದ್ಯುತ್ತು ಹರಿಸಿದರೆ, ತಗಡು ಕರಗುತ್ತಾ ಸಾಮಾನಿನ ಮೇಲೆ ಲೋಹ ಕೂರುತ್ತದೆ. ಎಷ್ಟು ವಿದ್ಯುತ್ತು ಹರಿಯಿತೋ ಅದಕ್ಕೆ ತಕ್ಕಷ್ಟೇ ಲೋಹ ಎಂಬ ಲೆಕ್ಕವನ್ನು ಫ್ಯಾರಡೆ ಎಂಬ ವಿಜ್ಞಾನಿ 1830ರ ದಶಕದಲ್ಲೇ ತೋರಿಸಿಕೊಟ್ಟ. ಬಡ ಕಮ್ಮಾರನ ಮಗ ಆತ. ಬುಕ್ ಬೈಂಡಿಂಗ್ ಅಂಗಡಿಯಲ್ಲಿ ದುಡಿದು ಮೇಲೆ ಬಂದವನು.

ಈ ಲೆಕ್ಕ ಗೊತ್ತಿದ್ದರೆ ಮೊದಲು ನೋಡಬೇಕಾದ್ದು ಬಾಟಲಿಗಳನ್ನಲ್ಲ, ವಿದ್ಯುತ್ತು ಕೊಡುವ ಯಂತ್ರವನ್ನು. ಸೈಕಲ್ ಗಂಟೆಯ ಮುಚ್ಚಳದ ಒಳಮೈ ಹೊರಮೈ ಸೇರಿದರೆ ಸುಮಾರು 100 ಚದರ ಸೆಂಟಿಮೀಟರ್. ಅದಕ್ಕೆ 2 ಆಂಪಿಯರ್ ಹರಿಸಿದರೆ ಗಂಟೆಯೊಂದರಲ್ಲಿ ಹೆಚ್ಚುಕಡಿಮೆ 24 ಮೈಕ್ರಾನ್ ನಿಕ್ಕಲ್ ಕೂರುತ್ತದೆ. ಹಾಗಾಗಿ ಆಂಪಿಯರನ್ನು ತಿರುಗಿಸಿ ನಿಲ್ಲಿಸಲು ಬರುವ, ಮೀಟರು ಇರುವ, 5 ಆಂಪಿಯರ್ ಡಿ.ಸಿ. ಯಂತ್ರ ಸಾಕು. ಬ್ಯಾಟರಿ ಸೆಲ್ಲು ಇಟ್ಟು ಮಾರುವ ಕಿಟ್ಟನ್ನು ಮುಟ್ಟಬೇಡಿ. ಸೆಲ್ಲು ಇಳಿದಂತೆ ಆಂಪಿಯರೂ ಇಳಿಯುತ್ತದೆ. ಎಷ್ಟು ದಪ್ಪ ಕೂತಿತೆಂದು ದೇವರಿಗೇ ಗೊತ್ತು.

ದ್ರಾವಣದಲ್ಲಿ ಮೊದಲು ನಿಕ್ಕಲ್ ಒಂದನ್ನೇ ಕಲಿಯಿರಿ. 1916ರಲ್ಲಿ ವಾಟ್ಸ್ ಎಂಬಾತ ಕೊಟ್ಟ ಪಾಕವೇ ಇಂದಿಗೂ ನಡೆಯುತ್ತಿದೆ: ನಿಕ್ಕಲ್ ಸಲ್ಫೇಟು, ನಿಕ್ಕಲ್ ಕ್ಲೋರೈಡು, ಬೋರಿಕ್ ಆಮ್ಲ. ಅದನ್ನು 45ರಿಂದ 60 ಡಿಗ್ರಿ ಬಿಸಿಯಲ್ಲಿ ಇಡಬೇಕು. ಇದು ತಾಮ್ರ, ಹಿತ್ತಾಳೆ, ಕಬ್ಬಿಣ ಮೂರರ ಮೇಲೂ ನೇರವಾಗಿ ಕೂರುತ್ತದೆ. ತಾಮ್ರದ ಆಮ್ಲದ್ರಾವಣ ಹಾಗಲ್ಲ. ಕಬ್ಬಿಣವನ್ನು ಅದರಲ್ಲಿ ಅದ್ದಿದೊಡನೆ ಕೆಂಪು ಹತ್ತಿ ಕಣ್ಣಿಗೆ ಚೆಂದ ಕಾಣುತ್ತದೆ, ಬೆರಳಲ್ಲಿ ಉಜ್ಜಿದರೆ ಎದ್ದುಬರುತ್ತದೆ. ಹಳೆಯ ಕ್ರೋಮಿಯಂ ಹೊಳಪಿನ ಸಾಮಾನನ್ನೂ ಸತುವಿನ ಎರಕದ ಸಾಮಾನನ್ನೂ ಸದ್ಯಕ್ಕೆ ಬಿಟ್ಟುಬಿಡಿ.

ಬಟ್ಟೆ ಸುತ್ತಿದ ಕಡ್ಡಿಯಿಂದ ಬಳಿಯುವ ಕಿಟ್ಟುಗಳೂ ಇವೆ. ಒಂದು ಮೂಲೆ ಸವೆದಲ್ಲಿ ತೇಪೆ ಹಾಕಲು ಸರಿ. ಇಡೀ ಸಾಮಾನಿಗೆ ಒಂದೇ ಸಮ ದಪ್ಪ ಬೇಕಾದರೆ ತೊಟ್ಟಿಯೇ ಬೇಕು.

ಇನ್ನು ಜೀವದ ಮಾತು. ಸೈನೈಡು ಇರುವ ದ್ರಾವಣ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬೇಡ. ಅದಕ್ಕೆ ಆಮ್ಲ ಬಿದ್ದರೆ ಏಳುವ ಗಾಳಿ ಕೊಲ್ಲುತ್ತದೆ. ಬೆಳ್ಳಿಯ ಗಿಲೀಟು ಹೆಚ್ಚಾಗಿ ಸೈನೈಡಿನಲ್ಲೇ ನಡೆಯುವುದರಿಂದ ಹೋಟೆಲಿನ ಇ.ಪಿ.ಎನ್.ಎಸ್. ಚಮಚೆಗಳನ್ನು ಕಸುಬಿನವರಿಗೇ ಕೊಡಿ. ಸ್ಟೀಲ್ ಚಮಚೆಯನ್ನು ಪ್ಲಸ್ಸಿಗೆ ಕಟ್ಟಿ ಉಪ್ಪುನೀರಿನಲ್ಲಿ ಮಾಡಿದರಾಯಿತು ಎಂದು ಕೆಲವರು ಹೇಳುತ್ತಾರೆ. ಸ್ಟೀಲಿನಲ್ಲಿರುವ ಕ್ರೋಮಿಯಂ ವಿಷವಾಗಿ ನೀರಿಗೆ ಇಳಿಯಬಹುದು. ಯಾವ ಬಾಟಲಿಯಲ್ಲಿ ಏನಿದೆ ಎಂದು ಬರೆದುಕೊಡದ ಅಂಗಡಿಯಿಂದ ಎದ್ದು ಬನ್ನಿ. ನಿಕ್ಕಲ್ ಲವಣದ ಧೂಳು, ಹನಿ ಉಸಿರಿಗೆ ಹೋದರೆ ಕ್ಯಾನ್ಸರ್ ತರುವಂಥದು. ಕೈಗೆ ತಗಲಿದರೆ ಕೆಲವರಿಗೆ ತುರಿಕಜ್ಜಿ. ಕೈಚೀಲ, ಕನ್ನಡಕ ಕಿಟ್ಟಿನಲ್ಲಿ ಇಲ್ಲದಿದ್ದರೆ ಬೇರೆ ಕೊಳ್ಳಿ. ಹತ್ತು ಮಂದಿ ಮಲಗುವ ಕೋಣೆಯಲ್ಲಿ, ಅಡಿಗೆ ಮನೆಯಲ್ಲಿ ಈ ಕೆಲಸ ಕೂಡದು. ಉಣ್ಣುವ, ಅಡುವ ಪಾತ್ರೆಗೆ ನಿಮ್ಮ ನಿಕ್ಕಲ್ ಹಾಕಲೇಬೇಡಿ. ಹಿತ್ತಾಳೆ ಪಾತ್ರೆಗೆ ಕಲಾಯಿಯವನಿದ್ದಾನೆ.

ಪೆಟ್ಟಿಗೆಯವರು ಹೇಳದ ಮಾತೊಂದಿದೆ. ಗಿಲೀಟು ಗೀರನ್ನು ಮುಚ್ಚುವುದಿಲ್ಲ, ಹೊಳೆಯಿಸಿ ತೋರಿಸುತ್ತದೆ! ಮುಕ್ಕಾಲು ಪಾಲು ಕೆಲಸ ಉಜ್ಜುವುದರಲ್ಲಿದೆ. 1982ರ ಮುಷ್ಕರಕ್ಕೆ ಮುನ್ನ ಗಿರಣಿಗಳಲ್ಲಿ ಫಿಟರರಾಗಿದ್ದ ಹಿರಿಯರು ನಮ್ಮಲ್ಲಿದ್ದಾರೆ. ಅರ ಹಿಡಿಯುವುದನ್ನು, ಎಮರಿ ಕಾಗದದಲ್ಲಿ ತಿಕ್ಕುವುದನ್ನು ಅವರಿಂದ ಕಲಿಯಿರಿ, ಅದಕ್ಕೆ ದುಡ್ಡಿಲ್ಲ. ಜಿಡ್ಡು ತೊಳೆದ ಮೇಲೆ ನೀರು ಸುರಿದು ನೋಡಿ. ನೀರು ಎಲ್ಲೂ ಒಡೆಯದೆ ಪೊರೆಯಂತೆ ಹರಡಿದರೆ ಚೊಕ್ಕಟವಾಗಿದೆ. ಹನಿ ಹನಿಯಾಗಿ ನಿಂತರೆ ಜಿಡ್ಡಿದೆ, ಮತ್ತೆ ತೊಳೆಯಬೇಕು.

ಹಳೆಯ ದ್ರಾವಣವನ್ನೂ ಮೊದಲ ತೊಳೆನೀರನ್ನೂ ಚಾಳಿನ ಮೋರಿಗೆ ಚೆಲ್ಲದೆ, ಮುಚ್ಚಳದ ಕ್ಯಾನಿನಲ್ಲಿ ಹೆಸರು ಬರೆದು, ಮಕ್ಕಳ ಕೈಗೆ ಸಿಗದಂತೆ ಇಡಿ. ಅಪಾಯದ ತ್ಯಾಜ್ಯ ಪಡೆಯುವ ಪರವಾನಗಿ ಇದ್ದವರಿಗೇ ಅದನ್ನು ಒಪ್ಪಿಸಬೇಕು. ಹಾಗೆ ಒಪ್ಪಿಸುವ ಏರ್ಪಾಟು ಆದ ಮೇಲೆಯೇ ಪೆಟ್ಟಿಗೆಗೆ ಮುಂಗಡ ಕೊಡಿ.